ದುಂಡೋ, ಓವಲ್ಲೋ: ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ ಆರಿಸಿದ ಅನುಭವ

ಶ್ರಾವಣದಲ್ಲಿ ನನ್ನ ಮಗನ ನಿಶ್ಚಿತಾರ್ಥ ನಡೆಯಿತು. ಸೊಸೆಯಾಗಿ ಬರಲಿರುವ ಹುಡುಗಿಗೆ ನಮ್ಮ ಕಡೆಯಿಂದ ತೊಡಿಸಿದ ಉಂಗುರದಲ್ಲಿ ಇರುವುದು ಒಂದೇ ವಜ್ರ. ತೂಕ 62 ಸೆಂಟ್, ಅಂದರೆ ಒಂದು ಕ್ಯಾರೆಟ್ಟಿನ ಮುಕ್ಕಾಲು ಪಾಲೂ ಇಲ್ಲ. ಇಷ್ಟು ಚಿಕ್ಕ ಕಲ್ಲಿಗೆ ಯಾವ ಆಕಾರವಿರಬೇಕೆಂದು ತೀರ್ಮಾನಿಸುವಷ್ಟರಲ್ಲಿ ಜ್ಯೇಷ್ಠ ಮುಗಿದು ಆಷಾಢವೂ ಮುಗಿಯುತ್ತ ಬಂದಿತ್ತು. ಅಂದಿನ ದರ, ತೂಕ, ಮಜೂರಿ ಎಂಬ ಮೂರು ಲೆಕ್ಕ ಗೊತ್ತಿದ್ದರೆ ಚಿನ್ನದಂಗಡಿಗೆ ಧೈರ್ಯವಾಗಿ ಹೋಗಿಬರುವ ನಮ್ಮಂಥವರಿಗೆ ವಜ್ರದ ವ್ಯವಹಾರ ಬೇರೆಯೇ ಲೋಕ. ಒಂದೇ ತೂಕದ ಎರಡು ಕಲ್ಲುಗಳ ಬೆಲೆ ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರವಿರಬಹುದು, ಒಂದೇ ಬೆಲೆಯ ಎರಡು ಕಲ್ಲುಗಳಲ್ಲಿ ಒಂದು ಬೆರಳ ಮೇಲೆ ಬೆಳಗಿ ಇನ್ನೊಂದು ಮಂಕಾಗಿ ಕೂರಬಹುದು. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿರುವವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ವಜ್ರವೆಂದರೆ ನಮ್ಮ ಅತ್ತೆಯವರ ಏಳು ಕಲ್ಲಿನ ಓಲೆ ಮತ್ತು ಮೂಗುಬೊಟ್ಟು. ಮಧ್ಯದಲ್ಲೊಂದು, ಸುತ್ತ ಆರು, ಎಲ್ಲವೂ ದುಂಡು. ವಜ್ರಕ್ಕೆ ಬೇರೆ ಆಕಾರವೂ ಉಂಟೆಂಬುದು ಬಹಳ ಕಾಲ ನನ್ನ ತಲೆಗೆ ಬಂದದ್ದೇ ಇಲ್ಲ. ಮಗ ತನ್ನ ಫೋನಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಮೊಟ್ಟೆಯಾಕಾರದ (ಓವಲ್), ಚೌಕದ, ಹನಿಯಾಕಾರದ (ಪೇರ್), ಎರಡೂ ತುದಿ ಚೂಪಾದ (ಮಾರ್ಕೀಸ್) ಕಲ್ಲುಗಳಿದ್ದವು. ಹುಡುಗಿಯನ್ನು ಕೇಳಿದರೆ, "ನೀವು ಯಾವುದು ಕೊಟ್ಟರೂ ಸರಿ ಆಂಟಿ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಸಂಕೋಚವಿತ್ತೇ ಹೊರತು ಉತ್ತರವಿರಲಿಲ್ಲ. ಇದು ಚಿಕ್ಕ ವಿಷಯವಲ್ಲ: ಬೇರೆಯವರು ದಿನವೂ ತೊಡಬೇಕಾದ ಒಡವೆಗೆ ಆಕಾರ ಆರಿಸುವಾಗ ಅವರಿಂದ ನಿಜವಾದ ಇಷ್ಟವನ್ನು ಹೊರಡಿಸುವುದೇ ಅರ್ಧ ಕೆಲಸ. ಕೊನೆಗೆ ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದೆ. ಗುಟ್ಟಾಗಿ ಕೊಂಡು ಬೆರಗುಗೊಳಿಸಬೇಕೆಂಬ ಮಗನ ಆಸೆ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ಅವನಿಗೆ ಸ್ವಲ್ಪ ಮುನಿಸೂ ಇತ್ತು.

ಓಲೆಯ ಒಂದು ಕಲ್ಲನ್ನೇ ಬಿಚ್ಚಿಸಿ ಉಂಗುರಕ್ಕೆ ಕೂರಿಸಿದರೆ ಹೇಗೆ ಎಂಬ ಯೋಚನೆಯೂ ಬಂದಿತ್ತು. ಚಿಕ್ಕಪೇಟೆಯಲ್ಲಿ ನಮ್ಮ ಅತ್ತೆಯವರ ಕಾಲದಿಂದ ಹೋಗಿಬರುವ ಹಳೆಯ ಅಂಗಡಿಯ ಯಜಮಾನರು ಲೂಪ್ ಎಂಬ ಭೂತಗನ್ನಡಿಯಲ್ಲಿ ನೋಡಿ, ಇವು ಹಳೆಯ ಕಟಾವಿನ, ಅಂದರೆ ಹಳೆಯ ಬಗೆಯಲ್ಲಿ ಕತ್ತರಿಸಿ ಸಾಣೆ ಹಿಡಿದ ಕಲ್ಲುಗಳೆಂದೂ, ಬಣ್ಣ, ಗಾತ್ರಗಳನ್ನು ಹೊಂದಿಸಿ ಮಾಡಿದ ಜೊತೆಯೆಂದೂ, ಒಂದನ್ನು ತೆಗೆದರೆ ಅದಕ್ಕೆ ಸರಿಸಮನಾದುದು ಮತ್ತೆ ಸಿಗುವುದು ಕಷ್ಟವೆಂದೂ ಹೇಳಿದರು. ಅತ್ತೆಯವರಿಗೆ ಮನಸ್ಸಿನಲ್ಲಿ ಸಮಾಧಾನವಾದದ್ದು ಮುಖದಲ್ಲಿಯೇ ಗೊತ್ತಾಯಿತು.

ಮೊದಲು ಹೋದದ್ದು ದೊಡ್ಡ ಮಳಿಗೆಯೊಂದಕ್ಕೆ. ಅಲ್ಲಿ ನಮ್ಮ ಮುಂದಿಟ್ಟ ತಟ್ಟೆಗಳಲ್ಲಿ ಹತ್ತಕ್ಕೆ ಒಂಬತ್ತು ದುಂಡು ಕಲ್ಲುಗಳೇ. ಬೇರೆ ಆಕಾರ ಕೇಳಿದರೆ ಮಾರಾಟದ ಹುಡುಗ, "ಮೇಡಂ, ರೌಂಡ್ ತಗೊಂಡರೆ ಯೋಚನೆಯೇ ಇಲ್ಲ" ಎಂದು ಮತ್ತೆ ಅದೇ ತಟ್ಟೆಗೆ ತಿರುಗುತ್ತಿದ್ದ. ಅವನ ಮಾತಿನಲ್ಲಿ ವ್ಯಾಪಾರವಿದ್ದಷ್ಟೇ ನಿಜವೂ ಇತ್ತೆಂದು ಆಮೇಲೆ ತಿಳಿಯಿತು. ದುಂಡು ಬ್ರಿಲಿಯಂಟ್ ಕಟಾವಿನಲ್ಲಿ 57 ಅಥವಾ 58 ಮುಖಗಳು, ಅಂದರೆ ಸಾಣೆ ಹಿಡಿದ ಸಣ್ಣ ಚಪ್ಪಟೆ ಮೈಗಳು ಇರುತ್ತವೆ. ಅವು ಯಾವ ಕೋನದಲ್ಲಿದ್ದರೆ ಒಳಹೊಕ್ಕ ಬೆಳಕು ಮತ್ತೆ ಮೇಲಕ್ಕೇ ಮರಳುತ್ತದೆಂಬುದನ್ನು ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ಹೀಗೆ ಅಳತೆಗಳು ನೆಲೆಗೊಂಡಿರುವುದರಿಂದ ದುಂಡು ಕಲ್ಲಿನ ಜಿಐಎ (ವಜ್ರ ಪರೀಕ್ಷಿಸಿ ಶ್ರೇಣಿ ಕೊಡುವ ಅಮೆರಿಕದ ಸಂಸ್ಥೆ) ವರದಿಯಲ್ಲಿ ಕಟಾವಿಗೆ ಎಕ್ಸಲೆಂಟ್, ವೆರಿ ಗುಡ್ ಎಂಬಂತೆ ಒಂದು ಶ್ರೇಣಿಯನ್ನೇ ಕೊಟ್ಟಿರುತ್ತಾರೆ. ನಾನು ನೋಡಿದ ಓವಲ್, ಪೇರ್ ಮತ್ತು ಎಮರಾಲ್ಡ್ ಎಂಬ ಆಯತಾಕಾರದ ಕಟಾವಿನ ವಜ್ರಗಳ ಜಿಐಎ ವರದಿಗಳಲ್ಲಿ ಪಾಲಿಷ್ ಮತ್ತು ಸಮಮಿತಿಯ ಶ್ರೇಣಿಗಳಿದ್ದವೇ ಹೊರತು ಒಟ್ಟು ಕಟಾವಿನ ಶ್ರೇಣಿ ಇರಲಿಲ್ಲ. ಈ ಒಂದು ಸಾಲಿನ ಕೊರತೆಯೇ ಮುಂದಿನ ನಮ್ಮ ಅಲೆದಾಟಕ್ಕೆಲ್ಲ ಕಾರಣ. ದುಂಡು ಕಲ್ಲನ್ನು ಬೇಕಾದರೆ ಕಾಗದ ನೋಡಿ ಅರ್ಧ ನಂಬಬಹುದು. ಉಳಿದ ಆಕಾರಗಳಲ್ಲಿ ಕಲ್ಲು ಹೊಳೆಯುತ್ತದೆಯೇ ಇಲ್ಲವೇ ಎಂಬ ಮುಖ್ಯ ಪ್ರಶ್ನೆಗೆ ಕಾಗದ ಉತ್ತರ ಕೊಡುವುದಿಲ್ಲ.

ಬೆಲೆಯ ಮಾತಿಗೆ ಬಂದರೆ, ತೂಕ, ಬಣ್ಣ, ಶುದ್ಧತೆ ಒಂದೇ ಇದ್ದಾಗ ಸಾಮಾನ್ಯವಾಗಿ ದುಂಡು ಕಲ್ಲೇ ದುಬಾರಿ. ಬೇಡಿಕೆ ಒಂದು ಕಾರಣ, ಕಚ್ಚಾ ಕಲ್ಲಿನ ನಷ್ಟ ಇನ್ನೊಂದು. ವಜ್ರದ ಹರಳು ಹಲವು ಸಲ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಸೇರಿಸಿದ ರೂಪದಲ್ಲಿ ದೊರೆಯುತ್ತದೆ. ಅದನ್ನು ನಡುವೆ ಕೊಯ್ದಾಗ ಸಿಗುವ ಚೌಕ ಬುಡವನ್ನು ದುಂಡಾಗಿಸುವಲ್ಲಿ ನಾಲ್ಕೂ ಮೂಲೆಗಳು ಪುಡಿಯಾಗಿ ಹೋಗುತ್ತವೆ. ಕಚ್ಚಾ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗುವುದು ಮಾಮೂಲು. 1980ರ ಸುಮಾರಿಗೆ ರೂಪುಗೊಂಡ ಪ್ರಿನ್ಸೆಸ್ ಎಂಬ ಚೌಕ ಕಟಾವು ಆ ಮೂಲೆಗಳನ್ನು ಉಳಿಸಿಕೊಳ್ಳುತ್ತದೆ, ಆದ್ದರಿಂದಲೇ ಅದು ಅಗ್ಗ. ಆದರೆ ಉಳಿಸಿದ ಮೂಲೆಗಳೇ ಅದರ ದೌರ್ಬಲ್ಯವೂ ಹೌದು. ವಜ್ರ ಅತ್ಯಂತ ಗಟ್ಟಿಯಾದ ವಸ್ತುವಾದರೂ ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಪ್ರಿನ್ಸೆಸ್‌ನ ಮೂಲೆ, ಪೇರ್‌ನ ತುದಿ, ಮಾರ್ಕೀಸ್‌ನ ಎರಡೂ ಕೊನೆಗಳು ಚಿಪ್ಪೇಳುವ ಜಾಗಗಳು. ಅಲ್ಲೆಲ್ಲ ವಿ ಆಕಾರದ ಚಿನ್ನದ ಹಿಡಿಕೆ ಹಾಕಿ ಕಾಪಾಡಬೇಕಾಗುತ್ತದೆ.

ಎರಡನೆಯ ಅಂಗಡಿ ಜಯನಗರದಲ್ಲಿತ್ತು. ಆಷಾಢ ಹಿಡಿದದ್ದರಿಂದ ಜನವಿರಲಿಲ್ಲ, ಮಾರಾಟದ ಹೆಂಗಸು ಸಾವಧಾನವಾಗಿ ಎಲ್ಲ ಆಕಾರಗಳನ್ನೂ ಬೆರಳ ಮೇಲಿಟ್ಟು ತೋರಿಸಿದರು. (ಶುಭಕಾರ್ಯವಿಲ್ಲದ ಈ ತಿಂಗಳು ಒಡವೆ ನೋಡುವುದಕ್ಕೆ ಒಳ್ಳೆಯ ಕಾಲ, ಅಕ್ಷಯ ತದಿಗೆಯ ನೂಕುನುಗ್ಗಲಿನಲ್ಲಿ ಇಂಥ ವ್ಯವಧಾನ ಯಾರಿಗೂ ಇರುವುದಿಲ್ಲ.) ಹುಡುಗಿಯ ಬೆರಳುಗಳು ಸ್ವಲ್ಪ ಗಿಡ್ಡ. ಚೌಕ ಮತ್ತು ಮೂಲೆ ದುಂಡಾದ ಕುಶನ್ ಕಲ್ಲುಗಳು ಆ ಬೆರಳನ್ನು ಇನ್ನೂ ಅಗಲವಾಗಿ ತೋರಿಸಿದವು. ಉದ್ದನೆಯ ಕಲ್ಲುಗಳು ಬೆರಳಿಗೆ ಉದ್ದ ಕೊಟ್ಟವು. ಎಮರಾಲ್ಡ್ ಕಟಾವು ನನಗೆ ಬಹಳ ಹಿಡಿಸಿತು. ಕಲ್ಯಾಣಿಯ ಮೆಟ್ಟಿಲಿನಂತೆ ಒಳಕ್ಕೆ ಇಳಿಯುವ ಆ ನೀಳ ಮುಖಗಳಲ್ಲಿ ಮಿಣುಕಿಗಿಂತ ಗಾಂಭೀರ್ಯವೇ ಹೆಚ್ಚು. ಆದರೆ ಅಂಥ ತೆರೆದ ಮುಖಗಳ ಕಲ್ಲಿನಲ್ಲಿ ಒಳಗಿನ ಚುಕ್ಕೆಯೂ ಹಳದಿ ಛಾಯೆಯೂ ಮರೆಯಾಗುವುದಿಲ್ಲ. ಬ್ರಿಲಿಯಂಟ್ ಕಟಾವಿನಲ್ಲಿ ಕಣ್ಣಿಗೆ ಬೀಳದ ದೋಷ ಇಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಶುದ್ಧತೆಯಲ್ಲಿಯೂ ಬಣ್ಣದಲ್ಲಿಯೂ ಒಂದೆರಡು ಮೆಟ್ಟಿಲು ಮೇಲೆ ಹೋಗಬೇಕು, ಆಕಾರದಲ್ಲಿ ಉಳಿದ ಹಣ ಅಲ್ಲಿ ಕರಗುತ್ತದೆ. ನಮ್ಮ ಬಜೆಟ್ಟಿನಲ್ಲಿ ಅದು ಆಗುವಂತಿರಲಿಲ್ಲ.

ಇಲ್ಲಿ ಕಲಿತ ಇನ್ನೊಂದು ಸಂಗತಿಯೆಂದರೆ ಸೆಂಟಿಗಿಂತ ಮಿಲಿಮೀಟರನ್ನು ಕೇಳಬೇಕೆಂಬುದು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರ ನೂರನೆಯ ಪಾಲು ಒಂದು ಸೆಂಟ್. ಇದು ತೂಕದ ಅಳತೆಯೇ ಹೊರತು ನೋಟದ ಅಳತೆಯಲ್ಲ. ಒಂದು ಕ್ಯಾರೆಟ್ಟಿನ ದುಂಡು ಕಲ್ಲಿಗೆ ಸುಮಾರು 6.5 ಮಿ.ಮೀ. ವ್ಯಾಸವಿದ್ದರೆ ಅದೇ ತೂಕದ ಪ್ರಿನ್ಸೆಸ್ ಪ್ರತಿ ಬದಿಗೆ ಸುಮಾರು 5.5 ಮಿ.ಮೀ. ಮಾತ್ರ ಇರುತ್ತದೆ, ಏಕೆಂದರೆ ಅದರ ತೂಕ ಆಳದಲ್ಲಿ ಅಡಗಿರುತ್ತದೆ. ನಾವು ಕೊನೆಗೆ ಕೊಂಡ 62 ಸೆಂಟಿನ ಓವಲ್ 6.75 ಮಿ.ಮೀ. ಉದ್ದ, 4.85 ಮಿ.ಮೀ. ಅಗಲವಿದೆ; ಅದೇ ತೂಕದ ದುಂಡು ಕಲ್ಲು ಸುಮಾರು ಐದೂವರೆ ಮಿ.ಮೀ. ಇರುತ್ತಿತ್ತು. ಬೆರಳ ಮೇಲೆ ಓವಲ್ ದೊಡ್ಡದಾಗಿಯೇ ಕಾಣುತ್ತದೆ. ಹಾಗೆಯೇ 50 ಸೆಂಟ್, ಒಂದು ಕ್ಯಾರೆಟ್ ಎಂಬ ಗಡಿಗಳನ್ನು ದಾಟಿದ ಕೂಡಲೇ ಪ್ರತಿ ಕ್ಯಾರೆಟ್ಟಿನ ದರವೇ ಏರುತ್ತದೆ. ಗಡಿಯ ಸ್ವಲ್ಪ ಕೆಳಗಿನ 48, 95 ಸೆಂಟಿನ ಕಲ್ಲುಗಳು ಸಿಕ್ಕರೆ ನೋಟದಲ್ಲಿ ವ್ಯತ್ಯಾಸವಿಲ್ಲದೆ ಹಣ ಉಳಿಯುತ್ತದೆ.

ಅಷ್ಟು ಹೊತ್ತಿಗೆ ಹುಡುಗಿ ಬಾಯಿ ಬಿಟ್ಟಿದ್ದಳು. ಅವಳು ಇಳಕಲ್ ಮತ್ತು ಮೊಳಕಾಲ್ಮೂರು ಸೀರೆಗಳನ್ನು ನೇಕಾರರಿಂದ ತರಿಸಿ ಮನೆಯಿಂದಲೇ ಮಾರುತ್ತಾಳೆ. ದಿನಕ್ಕೆ ಎಷ್ಟೋ ಸೀರೆ ಬಿಚ್ಚಿ, ಚಿತ್ರ ತೆಗೆದು, ಮತ್ತೆ ಮಡಿಸುವ ಕೈ ಅದು. "ಆಂಟಿ, ನನಗೆ ಎಳೆ ಸಿಕ್ಕಿಕೊಳ್ಳದ ಉಂಗುರ ಬೇಕು, ಆಕಾರ ಯಾವುದಾದರೂ ಇರಲಿ" ಎಂದಳು. ಮುಂದಿನ ಸಲ ಬರುವಾಗ ಚೀಲದಲ್ಲಿ ನೇಯ್ಗೆಯಲ್ಲಿ ದೋಷವಿದ್ದು ಮಾರಲಾಗದೆ ಉಳಿದಿದ್ದ ರೇಷ್ಮೆ ಸೀರೆಯೊಂದನ್ನು ತಂದಳು. ಅಂಗಡಿಯ ಗಾಜಿನ ಮೇಜಿನ ಮೇಲೆ ಸೆರಗು ಹರವಿ, ಒಂದೊಂದೇ ಉಂಗುರ ತೊಟ್ಟು, ಜರಿಯ ಮೇಲೆ ಕೈಯಾಡಿಸಿದಳು. ನಾಲ್ಕು ಕಡೆ ಪ್ರಾಂಗ್ ಎಂಬ ಚಿನ್ನದ ಕೊಕ್ಕೆಗಳಿಂದ ಹಿಡಿದು ಎತ್ತರದಲ್ಲಿ ಕೂರಿಸಿದ ಒಂಟಿ ಕಲ್ಲಿನ ಸಾಲಿಟೇರ್ ಉಂಗುರ ಮೊದಲ ಸಾರಿಗೇ ಎಳೆ ಕಿತ್ತಿತು. ಆರು ಪ್ರಾಂಗ್‌ನದು ಸ್ವಲ್ಪ ವಾಸಿ. ಮಾರ್ಕೀಸ್‌ನ ತುದಿಯ ವಿ ಹಿಡಿಕೆ ಸೆರಗಿನಲ್ಲಿ ಸಿಕ್ಕಿಹಾಕಿಕೊಂಡು ಬಿಡಿಸಬೇಕಾಯಿತು. ಕಲ್ಲಿನ ಸುತ್ತ ಚಿನ್ನದ ತೆಳು ಅಂಚು ಕಟ್ಟಿ ತಗ್ಗಿನಲ್ಲಿ ಕೂರಿಸಿದ ಬೆಜೆಲ್ ಉಂಗುರ ಮಾತ್ರ ಸೀರೆಯ ಮೇಲೆ ಜಾರಿಕೊಂಡು ಹೋಯಿತು. ಸುತ್ತ ನಿಂತಿದ್ದ ಸಿಬ್ಬಂದಿಗೆ ಇದೊಂದು ತಮಾಷೆಯಾಗಿ ಕಂಡರೂ ನಮ್ಮ ಇಡೀ ಹುಡುಕಾಟದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಪರೀಕ್ಷೆ ಇದೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ತೊಡುವವರ ಕೈ ಏನು ಕೆಲಸ ಮಾಡುತ್ತದೆಂದು ನೋಡಿ, ಅದರಿಂದ ಕಲ್ಲು ಕೂರಿಸುವ ಬಗೆಯನ್ನು ನಿರ್ಧರಿಸಿ, ಆಕಾರಕ್ಕೆ ಕೊನೆಯಲ್ಲಿ ಬನ್ನಿ. ಅಂಗಡಿಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ನಮ್ಮ ವಿಷಯದಲ್ಲಿ ಬೆಜೆಲ್ ಎಂದು ಖಚಿತವಾದ ಕೂಡಲೇ ಚೂಪು ಮೂಲೆಯ ಆಕಾರಗಳು ತಾವಾಗಿಯೇ ಬಿದ್ದುಹೋದವು. ಸುತ್ತಲೂ ಚಿನ್ನವನ್ನು ಒತ್ತಿ ಕೂರಿಸುವಾಗ ಮೂಲೆಯ ಮೇಲೆ ಬೀಳುವ ಒತ್ತಡಕ್ಕೆ ಕಲ್ಲು ಚಿಪ್ಪೇಳುವ ಭಯವಿರುತ್ತದೆಂದು ಕೆಲಸಗಾರರೇ ಹೇಳಿದರು. ಉಳಿದದ್ದು ದುಂಡು ಮತ್ತು ಓವಲ್. ಬೆರಳಿಗೆ ಒಪ್ಪಿದ್ದು ಓವಲ್.

ನೋಡಿದ ಅಂಗಡಿಗಳಲ್ಲಿ ನಮಗೆ ಬೇಕಾದ ಗಾತ್ರದ ಬಿಡಿ ಓವಲ್ ದಾಸ್ತಾನಿನಲ್ಲಿ ಇರಲಿಲ್ಲ. ಮುಂಬೈ, ಸೂರತ್ತಿನ ವ್ಯಾಪಾರಿಗಳಿಂದ ತರಿಸಬೇಕು; ಜಗತ್ತಿನ ವಜ್ರಗಳಲ್ಲಿ ಬಹುಪಾಲು ಸಾಣೆಗೊಳ್ಳುವುದು ಸೂರತ್ತಿನಲ್ಲಿಯೇ ಆದರೂ ನಮ್ಮ ಪುಟ್ಟ ಬೇಡಿಕೆಗೆ ತಕ್ಕ ಕಲ್ಲು ಬೆಂಗಳೂರಿಗೆ ಬರಲು ಕಾಯಬೇಕಾಯಿತು. ಕಾಯುವ ಅವಧಿಯಲ್ಲಿ ತಿರುಗುವ ಕಲ್ಲಿನ ವೀಡಿಯೊಗಳು ಫೋನಿಗೆ ಬರುತ್ತಿದ್ದವು, ಎಲ್ಲವೂ ಕಣ್ಣು ಕೋರೈಸುವಂಥವೇ. ಮೊದಲ ಪೊಟ್ಟಣ ಬಂದಾಗ ನಿರಾಶೆಯಾಯಿತು. ಒಂದು ಕಲ್ಲು ಬಹುಮಟ್ಟಿಗೆ ದುಂಡಾಗಿಯೇ ಇತ್ತು, ಇನ್ನೊಂದು ಅವರೆಕಾಳಿಗಿಂತ ನೀಳವಾಗಿತ್ತು. ಉದ್ದವನ್ನು ಅಗಲದಿಂದ ಭಾಗಿಸಿದ ಅನುಪಾತವನ್ನು ಬೇಡಿಕೆಯಲ್ಲಿ ಹೇಳಲೇಬೇಕೆಂದು ಆಗ ಕಲ್ಲು ತರಿಸಿಕೊಟ್ಟ ಚಿಕ್ಕಪೇಟೆಯ ಯಜಮಾನರು ವಿವರಿಸಿದರು. ಓವಲ್‌ಗೆ 1.35ರಿಂದ 1.50ರವರೆಗಿನ ಅನುಪಾತ ಸಾಮಾನ್ಯವಾಗಿ ಎಲ್ಲರಿಗೂ ಹಿಡಿಸುತ್ತದೆ, ನಾವು 1.40ರ ಆಸುಪಾಸು ಎಂದು ಬರೆದುಕೊಟ್ಟೆವು.

ಮೂರನೆಯ ಕಲ್ಲಿನ ಅನುಪಾತ ಸರಿಯಿತ್ತು, ವೀಡಿಯೊದಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು ಕೂಡ. ಬೆರಳ ಸಂದಿಯಲ್ಲಿಟ್ಟು ನೋಡಿದರೆ ನಡುವೆ ಅಡ್ಡಲಾಗಿ ಒಂದು ಕಪ್ಪು ಪಟ್ಟೆ. ಇದನ್ನು ಬೋ ಟೈ ಎನ್ನುತ್ತಾರೆ. ಓವಲ್, ಪೇರ್, ಮಾರ್ಕೀಸ್ ಮೂರರಲ್ಲೂ ಇದು ಬರುತ್ತದೆ. ನಡುವಿನ ಕೆಲವು ಮುಖಗಳು ದೀಪದ ಬೆಳಕಿನ ಬದಲು ನೋಡುವವರ ತಲೆಯ ನೆರಳನ್ನೇ ಹಿಂತಿರುಗಿಸುವುದರಿಂದ ಆ ಭಾಗ ಕಪ್ಪಾಗುತ್ತದೆ. ಸ್ವಲ್ಪ ಮಟ್ಟಿಗೆ ಬಹುತೇಕ ಎಲ್ಲ ಓವಲ್‌ಗಳಲ್ಲೂ ಇರುತ್ತದೆ, ಕಲ್ಲನ್ನು ಅಲುಗಿಸಿದಾಗ ಮಾಯವಾಗಿ ಮತ್ತೆ ಮಿಂಚಾದರೆ ಅದೊಂದು ಚೆಂದವೇ. ಅಲುಗಿಸಿದರೂ ಕದಲದೆ ಕೂರುವ ಪಟ್ಟೆಯಿದ್ದರೆ ಬಿಟ್ಟುಬಿಡಬೇಕು. ನಾನು ಓದಿದ ಯಾವ ವರದಿಯಲ್ಲೂ ಇದರ ಉಲ್ಲೇಖವಿರಲಿಲ್ಲ. ಅಂಗಡಿಯ ಚಾವಣಿಯಲ್ಲಿ ಸಾಲಾಗಿ ಹಾಕಿರುವ ಸಣ್ಣ ದೀಪಗಳ ಕೆಳಗೆ ಗಾಜಿನ ಚೂರೂ ಹೊಳೆಯುತ್ತದೆ, ಆದ್ದರಿಂದ ನಾವು ಕಲ್ಲನ್ನು ಕಿಟಕಿಯ ಬಳಿಗೆ ಒಯ್ದು, ಆಮೇಲೆ ಹಿಂದಿನ ಲೆಕ್ಕದ ಕೋಣೆಯ ಟ್ಯೂಬ್‌ಲೈಟಿನ ಕೆಳಗೆ, ಕೈಯನ್ನು ಪೂರ್ತಿ ಚಾಚಿ ನೋಡಿದೆವು. ಹಾಗೆ ನೋಡಲು ಬಿಡದ ಅಂಗಡಿಯಿದ್ದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಇಷ್ಟರಲ್ಲಿ ಬೀಗರ ಕಡೆಯಿಂದ ಯಾರೋ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದ ಮಾತೆತ್ತಿದರು. ಅದು ನಕಲಿಯಲ್ಲ, ಅದೂ ಇಂಗಾಲದ ಹರಳೇ. ನೆಲದಡಿಯ ಬದಲು ಯಂತ್ರದಲ್ಲಿ ಬೆಳೆದದ್ದು, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬೆಲೆ ಬಹಳ ಕಡಿಮೆ, ನಮ್ಮ ಹಣಕ್ಕೆ ಎರಡರಷ್ಟು ದೊಡ್ಡ ಎಮರಾಲ್ಡ್ ಕಟಾವೇ ಬರುತ್ತಿತ್ತು. ಮರುಮಾರಾಟದಲ್ಲಿ ಸಿಗುವುದೂ ಅಷ್ಟೇ ಕಡಿಮೆ. ಅದನ್ನು ಕೊಂಡವರನ್ನು ನಾನು ಹೀಗಳೆಯುವುದಿಲ್ಲ. ಆಕಾರದ ಮೇಲೆಯೇ ಪೂರ್ತಿ ಮನಸ್ಸಿದ್ದು ಹಣ ಮಿತಿಯಲ್ಲಿರುವವರಿಗೆ ಅದೇ ದಾರಿ. ನಮ್ಮಲ್ಲಿ ಮಾತ್ರ ಅತ್ತೆಯವರ ಎದುರು ಆ ಪ್ರಸ್ತಾಪ ನಿಲ್ಲಲಿಲ್ಲ.

ಅತ್ತೆಯವರ ಪಾತ್ರ ಇಲ್ಲಿಗೆ ಮುಗಿಯಲಿಲ್ಲ. ಎರಡನೆಯ ಪೊಟ್ಟಣದಲ್ಲಿ ಅನುಪಾತ, ಹೊಳಪು ಎಲ್ಲ ಸರಿಯಿದ್ದ ಕಲ್ಲೊಂದು ಬಂತು; ವರದಿಯಲ್ಲಿ ಶುದ್ಧತೆ ವಿಎಸ್2, ಅಂದರೆ ಬಹಳ ಸಣ್ಣ ದೋಷಗಳಿರುವ ಶ್ರೇಣಿ. ಅತ್ತೆಯವರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದರಲ್ಲಿ ಕಪ್ಪು ಚುಕ್ಕೆ ಇದೆಯಮ್ಮ, ಬೇಡ" ಎಂದರು. ಟೇಬಲ್ ಎಂದು ಕರೆಯುವ ಮೇಲಿನ ಚಪ್ಪಟೆ ಮುಖದ ನೇರ ಕೆಳಗೆ ಅಣುವಿನಂಥ ಒಂದು ಕಪ್ಪು ಹರಳು ನಿಜವಾಗಿಯೂ ಇತ್ತು. ರತ್ನಶಾಸ್ತ್ರದಲ್ಲಿ ಬಿಂದು, ರೇಖೆ, ಕಾಕಪದ (ಕಾಗೆಯ ಕಾಲಿನಂಥ ಗುರುತು) ಇವೆಲ್ಲ ವಜ್ರದ ದೋಷಗಳೆಂದು ಎಣಿಸಲ್ಪಟ್ಟಿವೆ. ವಿಚಿತ್ರವೆಂದರೆ ಅದೇ ಶಾಸ್ತ್ರ ಹೊಗಳುವ ವಜ್ರ ಆರು ತುದಿ, ಎಂಟು ಪಾರ್ಶ್ವ, ಹನ್ನೆರಡು ಧಾರೆಗಳಿರುವ, ಚೂಪಾದ ಹರಳು, ಅಂದರೆ ಸಾಣೆ ಹಿಡಿಯದ ಸಹಜ ಸ್ಫಟಿಕದ ರೂಪ. ಮೊನೆ ಮುರಿಯದಿರುವುದೇ ಅದಕ್ಕೆ ಶ್ರೇಷ್ಠತೆ. ನಾವು ಮೊನೆ ಬೇಡವೆಂದು ಓವಲ್‌ಗೆ ಬಂದಿದ್ದೆವು. 1950ರ ದಶಕದ ಕೊನೆಯಲ್ಲಿ ವಜ್ರ ಕತ್ತರಿಸುವ ಕುಶಲಿ ಲಜಾರ್ ಕಪ್ಲಾನ್ ಇಂದಿನ ಓವಲ್ ಬ್ರಿಲಿಯಂಟ್ ಕಟಾವನ್ನು ರೂಪಿಸಿದರೆಂದು ಓದಿದ್ದನ್ನು ಹೇಳಿದಾಗ ಅತ್ತೆಯವರು, "ಹಾಗಾದರೆ ನನ್ನ ಓಲೆಗಿಂತ ಚಿಕ್ಕ ವಯಸ್ಸು" ಎಂದು ನಕ್ಕರು.

ಚುಕ್ಕೆಯ ವಿಷಯದಲ್ಲಿ ನಂಬಿಕೆ ಇರಲಿ ಬಿಡಲಿ, ಅವರ ಆಕ್ಷೇಪಣೆಯಿಂದ ನಮಗೆ ಲಾಭವೇ ಆಯಿತು. ಚಿಕ್ಕ ಕಲ್ಲುಗಳಿಗೆ ಜಿಐಎ ಕೊಡುವ ಡೋಸಿಯರ್ ಎಂಬ ವರದಿಯಲ್ಲಿ ದೋಷಗಳು ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆ ಇರುವುದಿಲ್ಲ. ವಿಎಸ್2 ಎಂಬ ಒಂದೇ ಶ್ರೇಣಿಯಲ್ಲಿ ಅಂಚಿನಲ್ಲಿರುವ ಬಿಳಿ ಗೆರೆಯೂ ಬರುತ್ತದೆ, ನಟ್ಟನಡುವಿನ ಕಪ್ಪು ಹರಳೂ ಬರುತ್ತದೆ. ಬೆಜೆಲ್ ಕಟ್ಟಿಸುವವರಿಗೆ ಅಂಚಿನ ದೋಷ ಚಿನ್ನದ ಅಡಿಯಲ್ಲಿ ಮರೆಯಾಗುವ ಅನುಕೂಲವಿದೆ. ಆದರೆ ಅದು ಅಂಚಿಗೇ ತೆರೆದುಕೊಂಡ ಬಿರುಕಾಗಿದ್ದರೆ ಕೂರಿಸುವಾಗ ಅಪಾಯ. ಎರಡನ್ನೂ ಲೂಪಿನಲ್ಲಿಯೇ ನೋಡಿ ಕೇಳಿಕೊಳ್ಳಬೇಕು. ಬಣ್ಣದ ವಿಷಯದಲ್ಲಿ, ನೀಳ ಕಲ್ಲುಗಳ ತುದಿಗಳಲ್ಲಿ ಹಳದಿ ಛಾಯೆ ಹೆಚ್ಚು ಒಟ್ಟಾಗಿ ಕಾಣುತ್ತದೆ. ನಾವು ಹಳದಿ ಚಿನ್ನದಲ್ಲಿಯೇ ಕೂರಿಸುವುದೆಂದು ನಿಶ್ಚಯಿಸಿದ್ದರಿಂದ ಬಹುತೇಕ ಬಣ್ಣವಿಲ್ಲದ ಜಿ ಎಂಬ ಶ್ರೇಣಿ ಸಾಕಾಯಿತು. ಬಿಳಿ ಚಿನ್ನವಾಗಿದ್ದರೆ ಇನ್ನೂ ಮೇಲಿನದನ್ನು ನೋಡುತ್ತಿದ್ದೆವೇನೋ.

ಒಪ್ಪಿಗೆಯಾದ ಕಲ್ಲು ಮುಂದಿನ ಪೊಟ್ಟಣದಲ್ಲಿ ಬಂತು. ಆದರೂ ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ಒಂದು ರಾತ್ರಿ ಮನೆಯಲ್ಲಿಟ್ಟು ನೋಡಬೇಕೆಂಬುದು ಅತ್ತೆಯವರ ಹಟ. ವಜ್ರ ಶುಕ್ರನ ರತ್ನವಾದ್ದರಿಂದ ಅದು ಶುಕ್ರವಾರವೇ ಆಗಬೇಕು. ಬೇರೆ ಮಳಿಗೆಯಲ್ಲಿ ಇದನ್ನು ಕೇಳಿದ್ದರೆ ನಕ್ಕು ಕಳಿಸುತ್ತಿದ್ದರು. ಚಿಕ್ಕಪೇಟೆಯ ಯಜಮಾನರಿಗೆ ಇದು ಹೊಸದೇನಲ್ಲ. ಕಲ್ಲಿನ ಪೂರ್ತಿ ಬೆಲೆಯನ್ನು ಠೇವಣಿಯಾಗಿ ಬ್ಯಾಂಕಿನ ಮೂಲಕ ಪಡೆದು, ತೂಕ, ಅಳತೆ, ವರದಿಯ ಸಂಖ್ಯೆ ಬರೆದ ಅಪ್ರೂವಲ್ ಚೀಟಿ ಕೊಟ್ಟು, ಮಡಿಸಿದ ಕಾಗದದ ಪೊಟ್ಟಣವನ್ನು ಡಬ್ಬಿಯಲ್ಲಿಟ್ಟು ಕಳಿಸಿದರು. ಇಂಥ ಏರ್ಪಾಡು ಮಾಡಿಕೊಳ್ಳುವವರು ಬೇಡವಾದರೆ ಠೇವಣಿ ಎಷ್ಟು ದಿನದಲ್ಲಿ, ಏನೂ ಕಡಿತವಿಲ್ಲದೆ ಮರಳುತ್ತದೆಯೇ ಎಂಬುದನ್ನು ಚೀಟಿಯಲ್ಲಿಯೇ ಬರೆಸಿಕೊಳ್ಳಬೇಕು. ಆ ರಾತ್ರಿ ದೇವರ ಕೋಣೆಯಲ್ಲಿದ್ದ ಕಲ್ಲಿನಿಂದಾಗಿ ಕಳ್ಳಕಾಕರ ಭಯಕ್ಕೆ ನಿದ್ದೆಗೆಟ್ಟವಳು ನಾನೊಬ್ಬಳೇ; ಅತ್ತೆಯವರು ಚೆನ್ನಾಗಿ ಮಲಗಿ ಎದ್ದು, ಕಲ್ಲು ಆಗಿಬಂದಿದೆಯೆಂದು ಸಾರಿದರು.

ಇನ್ನು ಕೂರಿಸುವ ಕೆಲಸಕ್ಕೆ ಮುಂಚೆ ಮಾಡಿಕೊಳ್ಳಬೇಕಾದ ಒಂದು ಕೆಲಸವನ್ನು ಯಾವ ಅಂಗಡಿಯವರೂ ತಾವಾಗಿ ನೆನಪಿಸಲಿಲ್ಲ. ಇಂಥ ವರದಿಯಿರುವ ಕಲ್ಲಿನ ಸೊಂಟದ ಪಟ್ಟಿಯ (ಮೇಲ್ಭಾಗ, ಕೆಳಭಾಗ ಸೇರುವ ಸುತ್ತಂಚಿನ) ಮೇಲೆ ಸಾಮಾನ್ಯವಾಗಿ ವರದಿಯ ಸಂಖ್ಯೆಯನ್ನು ಲೇಸರಿನಿಂದ ಕೆತ್ತಿರುತ್ತಾರೆ. ಬೆಜೆಲ್ ಕಟ್ಟಿದ ಮೇಲೆ ಆ ಪಟ್ಟಿ ಪೂರ್ತಿಯಾಗಿ ಚಿನ್ನದೊಳಗೆ ಮುಚ್ಚಿಹೋಗುತ್ತದೆ. ಆಮೇಲೆ ಇದೇ ಆ ಕಲ್ಲು ಎಂದು ತೋರಿಸಲು ಉಂಗುರವನ್ನೇ ಬಿಚ್ಚಬೇಕು. ಆದ್ದರಿಂದ ಕೂರಿಸುವ ದಿನ ನಾನೂ ಮಗನೂ ಹೋಗಿ, ಸೂಕ್ಷ್ಮದರ್ಶಕದ ಕೆಳಗೆ ಸಂಖ್ಯೆಯನ್ನು ಓದಿ, ಜಿಐಎ ಜಾಲತಾಣದಲ್ಲಿ ಅದೇ ಸಂಖ್ಯೆ ಹಾಕಿ ತೂಕ, ಅಳತೆಗಳು ಹೊಂದುತ್ತವೆಯೇ ಎಂದು ತಾಳೆ ನೋಡಿ, ಕೆತ್ತನೆಯ ಚಿತ್ರವನ್ನೂ ತೆಗೆದುಕೊಂಡೆವು. ಸಂಖ್ಯೆ ಕಂಡಾಗ ಆದ ನೆಮ್ಮದಿ ದೊಡ್ಡದು. ಪ್ರಾಂಗ್ ಹಾಕಿಸುವವರಿಗೂ ಇದು ಅನ್ವಯಿಸುತ್ತದೆ, ಪ್ರಾಂಗ್ ಸರಿಯಾಗಿ ಅಕ್ಷರಗಳ ಮೇಲೆ ಕೂತರೆ ಓದಲಾಗುವುದಿಲ್ಲ.

ಉಂಗುರದ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆದು, ಮೇಣದ ಅಚ್ಚು ತೆಗೆದು, ಬೆರಳಿಗೆ ಹಾಕಿ ನೋಡಲು ಕೊಟ್ಟರು. ಬೆಳಿಗ್ಗೆ ಸರಿಯಿದ್ದ ಅಳತೆ ಸಂಜೆಗೆ ಬಿಗಿಯಾದದ್ದರಿಂದ ಅರ್ಧ ಅಳತೆ ಸಡಿಲಿಸಿದೆವು. ಸುತ್ತ ಕಲ್ಲಿಲ್ಲದ ಸಾದಾ ಪಟ್ಟಿಯ ಉಂಗುರವಾದ್ದರಿಂದ ಮುಂದೆ ಹಿಗ್ಗಿಸುವುದೂ ಕುಗ್ಗಿಸುವುದೂ ಸುಲಭವಂತೆ. ಕಲ್ಲು ಹಿಡಿಯಲು 22 ಕ್ಯಾರೆಟ್ ಚಿನ್ನ ಮೆದುವಾಗುತ್ತದೆಂದು 18 ಕ್ಯಾರೆಟ್ಟಿನಲ್ಲಿ ಮಾಡಿಸಿದೆವು, ಅದರ ಮೇಲೆ 750 (ಸಾವಿರದಲ್ಲಿ 750 ಪಾಲು ಚಿನ್ನ) ಎಂಬ ಗುರುತಿರುತ್ತದೆ. ಹಾಲ್‌ಮಾರ್ಕಿಂಗ್‌ಗೆ ಹೋದ ಉಂಗುರ ಹೇಳಿದ ದಿನಕ್ಕೆ ಬರಲಿಲ್ಲ. ನಿಶ್ಚಿತಾರ್ಥದ ದಿನ ಹತ್ತಿರವಾಗುತ್ತಿದ್ದಾಗ ಪ್ರತಿ ಸಂಜೆ ಫೋನು ಮಾಡುವುದೇ ಕೆಲಸವಾಯಿತು; ಆ ಕೊನೆಯ ದಿನಗಳ ಆತಂಕ ಹಿಂದಿನ ಅಷ್ಟೂ ಹುಡುಕಾಟಕ್ಕಿಂತ ಹೆಚ್ಚು ದಣಿಸಿತು. ಉಂಗುರ ಕೈಗೆ ಬಂದಾಗ ಒಳಬದಿಯಲ್ಲಿ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಸಂಖ್ಯೆ ಇತ್ತು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಬಗೆ ಮತ್ತು ಚಿನ್ನದ ಶುದ್ಧತೆ ತೋರಿಸುತ್ತದೆ. ನೆನಪಿಡಬೇಕಾದದ್ದು, ಈ ಗುರುತು ಚಿನ್ನಕ್ಕೆ ಮಾತ್ರ ಸಾಕ್ಷಿ; ಕಲ್ಲಿಗೆ ಸಾಕ್ಷಿ ಲ್ಯಾಬ್ ವರದಿ ಮಾತ್ರ.

ಖರ್ಚಿನ ವಿವರ ಹೀಗಿದೆ. ಕಲ್ಲಿಗೆ ₹1,18,000, ಚಿನ್ನ ಮತ್ತು ಮಜೂರಿ ಸೇರಿ ₹38,000, ಇವೆರಡರ ಮೊತ್ತದ ಮೇಲೆ 3 ಶೇಕಡ ಜಿಎಸ್‌ಟಿ ₹4,680. ಹಾಲ್‌ಮಾರ್ಕ್ ಶುಲ್ಕ ಒಡವೆಯೊಂದಕ್ಕೆ ₹45 ಮತ್ತು ಅದರ ಮೇಲಿನ ತೆರಿಗೆ. ಬಿಡಿ ವಜ್ರವಾಗಿ ಕೊಂಡರೆ 1.5 ಶೇಕಡ ತೆರಿಗೆ, ಒಡವೆಯ ಭಾಗವಾಗಿ ಕೊಂಡರೆ ಒಟ್ಟಿಗೆ 3 ಶೇಕಡ ಎಂಬ ವ್ಯತ್ಯಾಸವಿದೆ. ಬಿಲ್ಲು ಎರಡು ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಬಿಲ್ಲಿನಲ್ಲಿ ಕಲ್ಲಿನ ತೂಕ, ಆಕಾರ, ಬಣ್ಣ, ಶುದ್ಧತೆ ಮತ್ತು ವರದಿಯ ಸಂಖ್ಯೆಯನ್ನು ಚಿನ್ನದಿಂದ ಬೇರೆಯಾಗಿ ಬರೆಸಿಕೊಳ್ಳಿ. ಮೊದಲು ಹೋದ ಮಳಿಗೆಯ ಮಾದರಿ ಬಿಲ್ಲಿನಲ್ಲಿ "ಡೈಮಂಡ್ ಉಂಗುರ, ಒಂದು" ಎಂದಷ್ಟೇ ಇತ್ತು.

ವಿನಿಮಯದ ಷರತ್ತುಗಳಲ್ಲಿಯೂ ಆಕಾರ ತಲೆಹಾಕುತ್ತದೆ. ಒಂದು ಕಡೆ ದುಂಡು ಕಲ್ಲಿಗೆ ಪೂರ್ತಿ ಬೆಲೆಯ ವಿನಿಮಯ, ಉಳಿದ ಆಕಾರಗಳಿಗೆ ಕಡಿತ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬಾಯಿಮಾತಿನಲ್ಲಿ ಅದನ್ನು ಯಾರೂ ಹೇಳಲಿಲ್ಲ. ನಮ್ಮ ಅಂಗಡಿಯಲ್ಲಿ ಎರಡಕ್ಕೂ ಒಂದೇ ನಿಯಮವಿದ್ದು, ಹಣವಾಗಿ ಮರಳಿ ಬೇಕೆಂದರೆ ಮಾತ್ರ ಕಡಿತವಿದೆ. ಮೂಲ ಬಿಲ್ಲು, ವರದಿ, ಕೆತ್ತನೆಯ ಚಿತ್ರ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಸೊಸೆಗೇ ಕೊಟ್ಟಿದ್ದೇನೆ. ಬೆಜೆಲ್‌ನ ಅಂಚು ಎದ್ದಿದೆಯೇ ಎಂದು ಆರು ತಿಂಗಳಿಗೊಮ್ಮೆ ತೋರಿಸಬೇಕೆಂದು ಯಜಮಾನರು ಹೇಳಿದ್ದಾರೆ, ಅದಕ್ಕೆ ಶುಲ್ಕವಿಲ್ಲ. ವಜ್ರಕ್ಕೆ ಎಣ್ಣೆಯ ಅಂಶ ಬೇಗ ಅಂಟುತ್ತದೆ, ಬೆಜೆಲ್‌ನ ಹಿಂಬದಿಯಲ್ಲಿ ಕೊಳೆ ಕೂತರೆ ಎಂಥ ಕಟಾವೂ ಮಂಕಾಗುತ್ತದೆ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆದುವಾದ ಹಳೆಯ ಬ್ರಷ್ಷಿನಿಂದ ಹಿಂಬದಿಯನ್ನು ತಿಕ್ಕಿ ತೊಳೆದರೆ ಸಾಕು. ತೊಳೆಯುವಾಗ ಸಿಂಕಿನ ಮೇಲೆ ಮಾತ್ರ ಬೇಡ, ಪಾತ್ರೆಯೊಂದರಲ್ಲಿ ತೊಳೆಯಿರಿ.